ಸಾವಿನ ಹೊಸ್ತಿಲಿನಿಂದ ಮರಳಿದವರ ಅನುಭವ: ಚನ್ನಪಟ್ಟಣದ ಸಮೀಕ್ಷೆ, ವೈದ್ಯ ವಿಜ್ಞಾನ ಮತ್ತು ಜೈನ ಸಿದ್ಧಾಂತ

"ಉಸಿರು ನಿಂತೇ ಹೋಗಿತ್ತು, ಮನೆಯವರೆಲ್ಲ ಅಳಲು ಶುರು ಮಾಡಿದ್ದರು, ಅಷ್ಟರಲ್ಲಿ ಕಣ್ಣು ಬಿಟ್ಟರು" ಎಂಬ ಮಾತು ನಮ್ಮ ನಾಡಿನ ಹಳ್ಳಿಗಳಲ್ಲಿ ಹೊಸದಲ್ಲ. ಹೀಗೆ ಕಣ್ಣು ಬಿಟ್ಟವರಲ್ಲಿ ಕೆಲವರು ತಾವು ಎಲ್ಲಿಗೋ ಹೋಗಿದ್ದೆವು, ಯಾರನ್ನೋ ಕಂಡೆವು, ಮತ್ತೆ ಕಳುಹಿಸಿಕೊಟ್ಟರು ಎಂದು ಹೇಳುತ್ತಾರೆ. ಈಗ ಇಂತಹ ಕಥೆಗಳು ಮೊಬೈಲ್ ವಿಡಿಯೋಗಳ ಮೂಲಕ ಪ್ರತಿ ಮನೆಗೂ ಬರುತ್ತಿವೆ. ಕೆಲವರು ಇದನ್ನು ಪರಲೋಕಕ್ಕೆ ಸಾಕ್ಷಿ ಎನ್ನುತ್ತಾರೆ. ಕೆಲವರು ಎಲ್ಲವೂ ಮೆದುಳಿನ ಆಟ, ಆತ್ಮವೆಂಬುದೇ ಇಲ್ಲ ಎಂದು ತೀರ್ಪು ಕೊಡುತ್ತಾರೆ. ಜೈನ ಮನೆಗಳಲ್ಲಿ ಮಕ್ಕಳು ಹಿರಿಯರನ್ನು ಕೇಳುವ ಪ್ರಶ್ನೆ ಇವೆರಡಕ್ಕಿಂತ ಬೇರೆ: "ಸತ್ತವನು ಕೂಡಲೇ ಇನ್ನೊಂದು ಗತಿಗೆ ಹೋಗುತ್ತಾನೆ ಎಂದು ನಮ್ಮ ಶಾಸ್ತ್ರ ಹೇಳುತ್ತದೆಯಲ್ಲ, ಹಾಗಾದರೆ ಹೋಗಿ ಬಂದವರು ಯಾರು?"

ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಎರಡೂ ಸಾಮಗ್ರಿ ಕರ್ನಾಟಕದಲ್ಲೇ ಇವೆ. ಒಂದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಿಂದ ನಡೆದ ಸಂಶೋಧನೆ. ಇನ್ನೊಂದು, ಶ್ರವಣಬೆಳಗೊಳದ ಪರಂಪರೆಯಲ್ಲಿ ಉಳಿದು ಬಂದ ಕರ್ಮ ಸಿದ್ಧಾಂತದ ಗ್ರಂಥಗಳು. ಎರಡನ್ನೂ ಈ ಲೇಖನದಲ್ಲಿ ಸಂಕ್ಷೇಪವಾಗಿ ಕೊಡಲಾಗಿದೆ.

ಮರಣ ಸಮೀಪದ ಅನುಭವ ಎಂದರೇನು?

ಹೃದಯ ಸ್ತಂಭನ, ದೊಡ್ಡ ಅಪಘಾತ, ನೀರಿನಲ್ಲಿ ಮುಳುಗುವಿಕೆ, ತೀವ್ರ ಜ್ವರ ಮುಂತಾದ ಪ್ರಾಣಾಪಾಯದ ಸ್ಥಿತಿಯಿಂದ ಬದುಕಿ ಬಂದವರು ಹೇಳುವ ವಿಶೇಷ ಅನುಭವಗಳಿಗೆ ಈ ಹೆಸರಿದೆ. 1892ರಲ್ಲಿ ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್, ಪರ್ವತದಿಂದ ಬಿದ್ದು ಬದುಕುಳಿದವರ ಅನುಭವಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಆದರೆ ವಿಷಯ ಜನಸಾಮಾನ್ಯರ ಬಾಯಿಗೆ ಬಂದದ್ದು 1975ರಲ್ಲಿ, ಅಮೆರಿಕದ ರೇಮಂಡ್ ಮೂಡಿ ಬರೆದ 'ಲೈಫ್ ಆಫ್ಟರ್ ಲೈಫ್' ಪುಸ್ತಕದಿಂದ.

ಸಾಮಾನ್ಯವಾಗಿ ಹೇಳಲಾಗುವ ಅನುಭವಗಳು ಇವು: ನೋವು ಮಾಯವಾಗಿ ಮನಸ್ಸಿಗೆ ಶಾಂತಿ, ತನ್ನ ಶರೀರವನ್ನೇ ಮೇಲಿನಿಂದ ನೋಡಿದಂತೆ ಅನಿಸುವುದು, ಕತ್ತಲೆಯ ದಾರಿ, ಪ್ರಕಾಶ, ತೀರಿಕೊಂಡ ಬಂಧುಗಳ ಅಥವಾ ದೇವತೆಗಳ ದರ್ಶನ, ಜೀವನದ ಘಟನೆಗಳು ಒಮ್ಮೆಗೇ ಕಣ್ಣ ಮುಂದೆ ಬರುವುದು, ಒಂದು ಗಡಿ, ಅಲ್ಲಿಂದ ವಾಪಸ್. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರಿಗೆ ಹೆದರಿಕೆಯ ಅನುಭವವೂ ಆಗುತ್ತದೆ. ಅನುಭವವನ್ನು ಅಳೆಯಲು ಮನೋವೈದ್ಯ ಬ್ರೂಸ್ ಗ್ರೇಸನ್ 1983ರಲ್ಲಿ 16 ಪ್ರಶ್ನೆಗಳ ಮಾಪಕ ರೂಪಿಸಿದರು. ಒಟ್ಟು 32 ಅಂಕಗಳಲ್ಲಿ 7 ಅಥವಾ ಹೆಚ್ಚು ಬಂದರೆ ಅದನ್ನು ಮರಣ ಸಮೀಪದ ಅನುಭವವೆಂದು ಗಣಿಸುತ್ತಾರೆ. ಇಂದಿಗೂ ಅನೇಕ ಸಂಶೋಧಕರು ಇದನ್ನು ಬಳಸುತ್ತಾರೆ.

ನಿಮ್ಹಾನ್ಸ್ ಮತ್ತು ಚನ್ನಪಟ್ಟಣದ ಹಳ್ಳಿಗಳು

ಭಾರತದಲ್ಲಿ ಈ ವಿಷಯವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡವರಲ್ಲಿ ಮೊದಲಿಗರು ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದ ಡಾ. ಸತ್ವಂತ್ ಪಸ್ರೀಚಾ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಡಾ. ಇಯಾನ್ ಸ್ಟೀವನ್‌ಸನ್ ಜೊತೆ ಅವರು ಹಲವು ವರ್ಷ ಕೆಲಸ ಮಾಡಿದರು. ಇಬ್ಬರೂ ಸೇರಿ 1986ರಲ್ಲಿ ಭಾರತದ 16 ಪ್ರಕರಣಗಳ ಪ್ರಾಥಮಿಕ ವರದಿಯನ್ನು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವು ಹೆಚ್ಚಾಗಿ ಉತ್ತರ ಭಾರತದವು.

ದಕ್ಷಿಣದಲ್ಲಿ ಹೇಗಿದೆ ಎಂದು ನೋಡಲು ಪಸ್ರೀಚಾ ಅವರು ಆರಿಸಿಕೊಂಡದ್ದು ಚನ್ನಪಟ್ಟಣ ಪ್ರದೇಶದ ಹಳ್ಳಿಗಳನ್ನು. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗುವವರೆಗೆ ಚನ್ನಪಟ್ಟಣ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿತ್ತು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲದ ಜನರಿಗೆ ಅದು ಆಗ ಸ್ವಂತ ಜಿಲ್ಲೆಯ ತಾಲ್ಲೂಕು.

ಈ ಸಮೀಕ್ಷೆಯ ಬೆಲೆ ಇರುವುದು ಅದರ ವಿಧಾನದಲ್ಲಿ. ಅಲ್ಲಿಯವರೆಗೆ ಭಾರತದಿಂದ ಬಂದ ವರದಿಗಳು ಹೆಚ್ಚಾಗಿ ಕಿವಿಗೆ ಬಿದ್ದ ಕಥೆಗಳ ಬೆನ್ನು ಹತ್ತಿ ಹೋದವು. ಹಾಗೆ ಹೋದರೆ ಇಂತಹ ಅನುಭವ ಎಷ್ಟು ಜನರಲ್ಲಿ ಒಬ್ಬರಿಗೆ ಆಗುತ್ತದೆ ಎಂದು ತಿಳಿಯುವುದಿಲ್ಲ. ಇಲ್ಲಿ ಮಾತ್ರ ಒಟ್ಟು ಆರು ಸಾವಿರಕ್ಕೂ ಹೆಚ್ಚು ಜನಸಂಖ್ಯೆಯ ಹಳ್ಳಿಗಳನ್ನು ಆರಿಸಿಕೊಂಡು, ಸತ್ತು ಬದುಕಿದರೆಂದು ಊರವರು ಹೇಳುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಲಾಯಿತು. ಅನುಭವ ಆದವರು ಸಿಕ್ಕಾಗ ಅವರನ್ನೇ, ಇಲ್ಲವಾದರೆ ಹತ್ತಿರದಿಂದ ನೋಡಿದ ಮನೆಯವರನ್ನು ಮಾತನಾಡಿಸಲಾಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಇಂತಹ ಅನುಭವಗಳ ಪ್ರಮಾಣ ಸಾವಿರ ಜನಕ್ಕೆ ಸುಮಾರು ಎರಡು.

ಸಾವಿರಕ್ಕೆ ಎರಡು ಎಂದರೆ ಒಂದು ದೊಡ್ಡ ಹಳ್ಳಿಗೆ ಮೂರೋ ನಾಲ್ಕೋ ಜನ. ಅಂದರೆ ಇದು ತೀರಾ ಅಪರೂಪವೂ ಅಲ್ಲ, ಸಾಮಾನ್ಯವೂ ಅಲ್ಲ. ಆದರೆ ಇಂತಹ ಸಮೀಕ್ಷೆಗೆ ಒಂದು ಮಿತಿ ಇದೆ. ಹಳ್ಳಿ ಮನೆಯಲ್ಲಿ "ಸತ್ತರು" ಎಂದು ತೀರ್ಮಾನ ಮಾಡಿದವರು ಸಾಮಾನ್ಯವಾಗಿ ಮನೆಯವರು, ವೈದ್ಯರಲ್ಲ. ಇಸಿಜಿ ಇಲ್ಲ, ದಾಖಲೆ ಇಲ್ಲ. ಮೈ ತಣ್ಣಗಾಗಿ, ನಾಡಿ ಸಿಗದೆ, ಉಸಿರು ಕಾಣದೆ ಇದ್ದವರೆಲ್ಲ ಸತ್ತವರೇ ಆಗಿರಬೇಕೆಂದಿಲ್ಲ.

ಯಮದೂತರು, ಪುಸ್ತಕ ಮತ್ತು ಹೆಸರಿನ ತಪ್ಪು

1986ರ ವರದಿಯಲ್ಲಿ ಗಮನ ಸೆಳೆಯುವ ಅಂಶ ಅನುಭವದ ಸ್ವರೂಪ. ಅನೇಕರು ಹೇಳಿದ್ದು ಹೀಗೆ: ದೂತರು ಬಂದು ಹಿಡಿದುಕೊಂಡು ಹೋದರು, ಅಲ್ಲಿ ಒಬ್ಬರು ಪುಸ್ತಕ ತೆರೆದು ನೋಡಿದರು, "ಇವನಲ್ಲ, ಅದೇ ಹೆಸರಿನ ಇನ್ನೊಬ್ಬನನ್ನು ತರಬೇಕಿತ್ತು" ಎಂದು ದೂತರನ್ನು ಬೈದರು, ವಾಪಸ್ ಕಳುಹಿಸಿದರು. ಅಮೆರಿಕದವರ ವರ್ಣನೆಯಲ್ಲಿ ಇಂತಹ ಲೆಕ್ಕದ ತಪ್ಪು ಕಾಣುವುದಿಲ್ಲ. ಅಲ್ಲಿ ಬೆಳಕು, ಸುರಂಗ, ತೀರಿಕೊಂಡ ಬಂಧುಗಳು ಹೆಚ್ಚು. "ನಿನ್ನ ಕೆಲಸ ಇನ್ನೂ ಮುಗಿದಿಲ್ಲ" ಎಂದು ಕಳುಹಿಸುತ್ತಾರೆ. ತನ್ನ ಶರೀರವನ್ನು ಮೇಲಿನಿಂದ ನೋಡಿದ ಅನುಭವ ಅಮೆರಿಕದವರಲ್ಲಿ ಹೆಚ್ಚು, ಈ ಭಾರತೀಯ ಪ್ರಕರಣಗಳಲ್ಲಿ ಕಾಣಲಿಲ್ಲ.

ಇದಕ್ಕೂ ಮೊದಲು ಕಾರ್ಲಿಸ್ ಓಸಿಸ್ ಮತ್ತು ಎರ್ಲೆಂಡೂರ್ ಹರಾಲ್ಡ್‌ಸನ್ ಅಮೆರಿಕ ಹಾಗೂ ಭಾರತದ ವೈದ್ಯರು ಮತ್ತು ದಾದಿಯರನ್ನು ವಿಚಾರಿಸಿ, ಮರಣಶಯ್ಯೆಯಲ್ಲಿದ್ದ ರೋಗಿಗಳಿಗೆ ಕಾಣುವ ದೃಶ್ಯಗಳ ಬಗ್ಗೆ 1977ರಲ್ಲಿ ಪುಸ್ತಕ ಬರೆದಿದ್ದರು. ಅಲ್ಲಿಯೂ ಇದೇ ವ್ಯತ್ಯಾಸ. ಅಮೆರಿಕದ ರೋಗಿಗಳಿಗೆ ಹೆಚ್ಚಾಗಿ ತೀರಿಕೊಂಡ ಬಂಧುಗಳು, ಭಾರತದ ರೋಗಿಗಳಿಗೆ ಹೆಚ್ಚಾಗಿ ದೇವದೂತರು ಕಾಣಿಸಿದರು.

ಒಂದೇ ಪರಲೋಕವನ್ನು ಎಲ್ಲರೂ ನೋಡಿ ಬಂದಿದ್ದರೆ ವರ್ಣನೆ ದೇಶದಿಂದ ದೇಶಕ್ಕೆ ಇಷ್ಟು ಬದಲಾಗಬಾರದು. ಚಿಕ್ಕಂದಿನಿಂದ ಕೇಳಿದ ಕಥೆ, ನೋಡಿದ ಚಿತ್ರ, ಮನೆಯ ನಂಬಿಕೆ ಇವೆಲ್ಲ ಅನುಭವಕ್ಕೆ ರೂಪ ಕೊಡುತ್ತವೆ ಎಂಬುದು ಇದರಿಂದ ಸ್ಪಷ್ಟ. ಆದರೂ ಯಾರೋ ಎದುರಾಗುವುದು, ಬೇರೆಡೆಗೆ ಹೋಗುವುದು, ವಾಪಸ್ ಬರುವುದು ಎಂಬ ಚೌಕಟ್ಟು ಎರಡೂ ಕಡೆ ಒಂದೇ ಬಗೆಯದು. ಈ ಹೋಲಿಕೆಗೆ ಕಾರಣವೇನೆಂಬುದೇ ಸಂಶೋಧಕರ ನಡುವಿನ ಚರ್ಚೆ.

ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳು

ಹಳ್ಳಿ ಸಮೀಕ್ಷೆಯಲ್ಲಿ ಇಲ್ಲದ ವೈದ್ಯಕೀಯ ದಾಖಲೆ ಆಸ್ಪತ್ರೆಗಳಲ್ಲಿ ಸಿಗುತ್ತದೆ. ನೆದರ್ಲೆಂಡ್ಸ್‌ನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 10 ಆಸ್ಪತ್ರೆಗಳಲ್ಲಿ ಹೃದಯ ಸ್ತಂಭನದಿಂದ ಬದುಕಿದ 344 ರೋಗಿಗಳನ್ನು ವಿಚಾರಿಸಿ, 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಕೊಟ್ಟರು. ಅವರಲ್ಲಿ 62 ಜನರಿಗೆ, ಅಂದರೆ ಶೇಕಡ 18ರಷ್ಟು ಜನರಿಗೆ ಇಂತಹ ಅನುಭವ ಆಗಿತ್ತು. ಉಳಿದ ಶೇಕಡ 82 ಜನರಿಗೆ ಏನೂ ನೆನಪಿರಲಿಲ್ಲ. ಎಂಟು ವರ್ಷಗಳ ನಂತರ ಮತ್ತೆ ವಿಚಾರಿಸಿದಾಗ, ಅನುಭವ ಆದವರಲ್ಲಿ ಸಾವಿನ ಭಯ ಕಡಿಮೆಯಾಗಿ ಪರರ ಮೇಲಿನ ಕರುಣೆ ಹೆಚ್ಚಿದ್ದು ಕಂಡುಬಂತು.

ನಂತರ ಡಾ. ಸ್ಯಾಮ್ ಪಾರ್ನಿಯಾ ನೇತೃತ್ವದಲ್ಲಿ 'ಅವೇರ್' ಎಂಬ ಅಧ್ಯಯನ ನಡೆಯಿತು. ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಆಸ್ಪತ್ರೆಯ ಕೋಣೆಗಳಲ್ಲಿ ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನು ಇಟ್ಟರು. ಶರೀರದಿಂದ ಹೊರಬಂದು ನೋಡಿದೆ ಎನ್ನುವವರು ಆ ಚಿತ್ರವನ್ನು ಹೇಳಬಲ್ಲರೇ ಎಂಬುದು ಪರೀಕ್ಷೆ. 2014ರ ವರದಿಯ ಪ್ರಕಾರ 2060 ಹೃದಯ ಸ್ತಂಭನಗಳಲ್ಲಿ 330 ಜನ ಬದುಕಿದರು, 140 ಜನರನ್ನು ಮಾತನಾಡಿಸಲು ಸಾಧ್ಯವಾಯಿತು. ತಮ್ಮ ಸುತ್ತ ನಡೆದದ್ದನ್ನು ಕಂಡು ಕೇಳಿದ ನೆನಪಿದ್ದವರು ಇಬ್ಬರು. ಅವರಲ್ಲಿ ಒಬ್ಬರ ಮಾತು ನಡೆದ ಘಟನೆಗೆ ಹೊಂದಿತು. ಆದರೆ ಅವರಿದ್ದ ಜಾಗದಲ್ಲಿ ಹಲಗೆಯೇ ಇರಲಿಲ್ಲ. ಹೀಗೆ ಆ ಪರೀಕ್ಷೆ ಯಾವ ಕಡೆಗೂ ಉತ್ತರ ಕೊಡಲಿಲ್ಲ.

2023ರಲ್ಲಿ ಪ್ರಕಟವಾದ ಎರಡನೇ ಹಂತದಲ್ಲಿ 25 ಆಸ್ಪತ್ರೆಗಳ 567 ರೋಗಿಗಳಿದ್ದರು. ಬದುಕಿದವರು 53, ಸಂದರ್ಶನಕ್ಕೆ ಸಿಕ್ಕವರು 28, ಏನಾದರೂ ನೆನಪು ಹೇಳಿದವರು 11. ಎದೆ ಒತ್ತುತ್ತಿರುವಾಗಲೇ ಇಇಜಿ ಇಟ್ಟು ನೋಡಿದಾಗ, ಕೆಲವರ ಮೆದುಳಿನಲ್ಲಿ ಅರ್ಧ ಗಂಟೆಗೂ ಮೀರಿ ನಡುನಡುವೆ ಸಹಜಕ್ಕೆ ಹತ್ತಿರವಾದ ತರಂಗಗಳು ಕಂಡವು. ಹೃದಯ ನಿಂತ ಕೂಡಲೇ ಮೆದುಳಿನ ಎಲ್ಲ ಕೆಲಸ ಶಾಶ್ವತವಾಗಿ ಮುಗಿಯುತ್ತದೆ ಎಂಬ ಹಳೆಯ ತಿಳುವಳಿಕೆ ಇದರಿಂದ ಸಡಿಲವಾಯಿತು.

ಮೆದುಳಿನ ಕಡೆಯ ವಿವರಣೆ

ಆಮ್ಲಜನಕದ ಕೊರತೆ, ಇಂಗಾಲದ ಡೈಆಕ್ಸೈಡ್ ಹೆಚ್ಚಳ, ಮೆದುಳಿನ ಟೆಂಪೊರಲ್ ಭಾಗದ ಉದ್ರೇಕ, ಕನಸಿನ ಸ್ಥಿತಿ ಎಚ್ಚರದೊಳಗೆ ನುಗ್ಗುವುದು ಹೀಗೆ ಹಲವು ಕಾರಣಗಳನ್ನು ವಿಜ್ಞಾನಿಗಳು ಮುಂದಿಟ್ಟಿದ್ದಾರೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಒಲಾಫ್ ಬ್ಲಾಂಕೆ ತಂಡ ಮೂರ್ಛೆರೋಗದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ಆಕೆಗೆ ತಾನು ಮೇಲೆ ತೇಲುತ್ತಾ ತನ್ನ ದೇಹವನ್ನು ನೋಡುತ್ತಿರುವಂತೆ ಅನಿಸಿತು. ಆಕೆ ಸಾಯುವ ಸ್ಥಿತಿಯಲ್ಲಿ ಇರಲಿಲ್ಲ. 2023ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಜಿಮೊ ಬೋರ್ಜಿಗಿನ್ ತಂಡ, ಉಸಿರಾಟದ ಯಂತ್ರ ತೆಗೆದ ನಂತರ ತೀರಿಕೊಂಡ ನಾಲ್ವರು ರೋಗಿಗಳಲ್ಲಿ ಇಬ್ಬರ ಮೆದುಳಿನಲ್ಲಿ ಕೊನೆಗಳಿಗೆಯಲ್ಲಿ ಚಟುವಟಿಕೆ ಏಕಾಏಕಿ ಹೆಚ್ಚಿದ್ದನ್ನು ತೋರಿಸಿತು. ಆ ಇಬ್ಬರೂ ತೀರಿಕೊಂಡದ್ದರಿಂದ ಅವರಿಗೆ ಏನು ಅನುಭವವಾಯಿತೆಂದು ಕೇಳಲು ಸಾಧ್ಯವಿಲ್ಲ.

ಈ ವಿವರಣೆಗಳು ಒಂದೊಂದೂ ಅನುಭವದ ಒಂದೊಂದು ಭಾಗಕ್ಕೆ ಹೊಂದುತ್ತವೆ, ಪೂರ್ತಿಗೆ ಯಾವುದೂ ಹೊಂದುವುದಿಲ್ಲ. ಇದರಿಂದ ಪರಲೋಕವೂ ಸಿದ್ಧವಾಗಲಿಲ್ಲ, ಆತ್ಮ ಇಲ್ಲವೆಂಬುದೂ ಸಿದ್ಧವಾಗಲಿಲ್ಲ. ವಿಜ್ಞಾನಿಗಳ ನಡುವೆ ಈ ಚರ್ಚೆ ಇನ್ನೂ ನಡೆಯುತ್ತಿದೆ.

ಜೈನ ಸಿದ್ಧಾಂತದಲ್ಲಿ ಮರಣ

ಜೈನ ಆಗಮದ ಪ್ರಕಾರ ಸಂಸಾರಿ ಜೀವ ಶರೀರದಲ್ಲಿ ಇರುವುದು ಪ್ರಾಣಗಳಿಂದ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ ಮತ್ತು ಆಯು ಎಂಬ ಹತ್ತು ಪ್ರಾಣಗಳು ಮನುಷ್ಯನಿಗಿವೆ. ಇವುಗಳಲ್ಲಿ ಶ್ವಾಸ ಒಂದು ಮಾತ್ರ. ಉಸಿರು ಕಾಣದಿದ್ದರೂ ಆಯುಪ್ರಾಣ ಉಳಿದಿದ್ದರೆ ಮರಣವಾಗಿಲ್ಲ. ಈ ಭವದ ಆಯುಕರ್ಮ ಪೂರ್ತಿ ತೀರಿದಾಗಲೇ ಮರಣ.

ಹಾಗೆ ತೀರಿದ ಮೇಲೆ ಜೀವ ಕಾಯುವುದಿಲ್ಲ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಎರಡನೇ ಅಧ್ಯಾಯದಲ್ಲಿ ಇದರ ವಿವರವಿದೆ. ಹಳೆಯ ಶರೀರ ಬಿಟ್ಟ ಜೀವ ಕಾರ್ಮಣ ಶರೀರದೊಡನೆ ಮುಂದಿನ ಜನ್ಮಸ್ಥಾನಕ್ಕೆ ಹೋಗುವುದಕ್ಕೆ ವಿಗ್ರಹಗತಿ ಎಂದು ಹೆಸರು. ನೇರವಾಗಿ ಹೋದರೆ ಒಂದು ಸಮಯ, ತಿರುವುಗಳಿದ್ದರೆ ಹೆಚ್ಚೆಂದರೆ ನಾಲ್ಕು ಸಮಯ. ಇಲ್ಲಿ ಸಮಯ ಎಂದರೆ ಕಾಲದ ಅತಿ ಚಿಕ್ಕ ಅಂಶ. ಕಣ್ಣು ಮಿಟುಕಿಸುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದುಹೋಗುತ್ತವೆ. ಆದ್ದರಿಂದ ಜೀವ ನಡುವೆ ಎಲ್ಲಿಯೋ ನಿಂತು ಅಲೆಯುವುದಕ್ಕೂ ಮರಳಿ ಬರುವುದಕ್ಕೂ ಈ ಸಿದ್ಧಾಂತದಲ್ಲಿ ಅವಕಾಶವಿಲ್ಲ.

ಕರೆದೊಯ್ಯುವ ದೂತರೂ ಇಲ್ಲ, ಪುಸ್ತಕ ನೋಡುವ ಅಧಿಕಾರಿಯೂ ಇಲ್ಲ. ಲೆಕ್ಕ ಇರುವುದು ಜೀವದ ಜೊತೆಯಲ್ಲೇ ಬಂಧವಾಗಿರುವ ಕರ್ಮದಲ್ಲಿ. ಅಂಗಡಿಯ ಖಾತೆಯಲ್ಲಿ ಒಬ್ಬರ ಬಾಕಿಯನ್ನು ಅದೇ ಹೆಸರಿನ ಇನ್ನೊಬ್ಬರ ಪುಟಕ್ಕೆ ಬರೆಯುವ ತಪ್ಪು ಆಗಬಹುದು. ಕರ್ಮದ ಲೆಕ್ಕವನ್ನು ಬೇರೆ ಯಾರೋ ಬರೆಯುವುದಿಲ್ಲವಾದ್ದರಿಂದ ಅಲ್ಲಿ ಹೆಸರು ಅದಲುಬದಲಾಗುವ ಪ್ರಶ್ನೆಯೇ ಬರುವುದಿಲ್ಲ.

ಆದ್ದರಿಂದ ಮಕ್ಕಳ ಪ್ರಶ್ನೆಗೆ ಸಿದ್ಧಾಂತದ ಉತ್ತರ ನೇರವಾಗಿದೆ. ಮರಳಿ ಬಂದವರು ಸತ್ತಿರಲಿಲ್ಲ. ಅವರ ಆಯು ಉಳಿದಿತ್ತು. ಅವರಿಗಾದ ಅನುಭವ ಬದುಕಿರುವ ಜೀವಕ್ಕೆ, ಈ ಶರೀರದ ಸಂಬಂಧ ಇರುವಾಗಲೇ ಆದದ್ದು. ಅವರು ಸುಳ್ಳು ಹೇಳುತ್ತಾರೆ ಎಂದು ಇದರ ಅರ್ಥವಲ್ಲ. ಅನುಭವ ನಿಜವಿರಬಹುದು, ಅದರಿಂದ ಪರಲೋಕ ನೋಡಿ ಬಂದರು ಎಂದು ತೀರ್ಮಾನಿಸುವುದು ಮಾತ್ರ ಸರಿಯಲ್ಲ.

ಸಮುದ್ಘಾತ: ಕೇಳಿಬರುವ ಒಂದು ಹೋಲಿಕೆ

ಪ್ರವಚನಗಳಲ್ಲಿ ಸಮುದ್ಘಾತದ ವಿಷಯ ಬಂದಾಗ ಈ ಅನುಭವಗಳಿಗೆ ಹೋಲಿಸುವುದುಂಟು. ಮೂಲ ಶರೀರವನ್ನು ಬಿಡದೆಯೇ ಆತ್ಮಪ್ರದೇಶಗಳು ತೈಜಸ ಮತ್ತು ಕಾರ್ಮಣ ಶರೀರಗಳೊಡನೆ ಹೊರಗೆ ಹರಡುವುದಕ್ಕೆ ಸಮುದ್ಘಾತ ಎನ್ನುತ್ತಾರೆ. ಚಾವುಂಡರಾಯನ ಕಾಲದಲ್ಲಿದ್ದ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರ ಜೀವಕಾಂಡದಲ್ಲಿ ಇದರ ಲಕ್ಷಣವಿದೆ. ಆ ಗ್ರಂಥಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲೇ ವೃತ್ತಿ ಬರೆದಿದ್ದಾರೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಸಮುದ್ಘಾತಗಳು ಏಳು: ವೇದನಾ, ಕಷಾಯ, ವೈಕ್ರಿಯಿಕ, ಮಾರಣಾಂತಿಕ, ತೈಜಸ, ಆಹಾರಕ ಮತ್ತು ಕೇವಲಿ. ಇವುಗಳಲ್ಲಿ ಎರಡು ಇಲ್ಲಿ ಮುಖ್ಯ. ತೀವ್ರ ನೋವಿನಿಂದ ಆತ್ಮಪ್ರದೇಶಗಳು ಹೊರಹರಡುವುದು ವೇದನಾ ಸಮುದ್ಘಾತ. ಮರಣಕ್ಕೆ ಅಂತರ್ಮುಹೂರ್ತ, ಅಂದರೆ 48 ನಿಮಿಷಕ್ಕಿಂತ ಕಡಿಮೆ ಕಾಲ ಉಳಿದಿರುವಾಗ, ಕೆಲವು ಜೀವಗಳ ಪ್ರದೇಶಗಳು ಮುಂದೆ ಹುಟ್ಟುವ ಸ್ಥಾನದವರೆಗೆ ಚಾಚುವುದು ಮಾರಣಾಂತಿಕ ಸಮುದ್ಘಾತ.

ಶರೀರದಿಂದ ಹೊರಬಂದಂತೆ ಆಯಿತು ಎಂಬ ಮಾತಿಗೆ ಇದು ಹತ್ತಿರ ಎನಿಸುವುದು ಸಹಜ. ಆದರೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಹೊರಗೆ ನಿಂತು ತನ್ನ ದೇಹವನ್ನು ನೋಡುವುದು ಎಂಬ ಮಾತು ಸಮುದ್ಘಾತದ ಲಕ್ಷಣದಲ್ಲಿ ಇಲ್ಲ. ನಮಗಿರುವ ಮತಿಜ್ಞಾನ ಇಂದ್ರಿಯ ಮತ್ತು ಮನಸ್ಸಿನ ಮೂಲಕ ಆಗುವಂಥದ್ದು. ಎರಡನೆಯದು, ಮಾರಣಾಂತಿಕ ಸಮುದ್ಘಾತ ಆದವರಿಗೆ ಮರಣ ಕೆಲವೇ ನಿಮಿಷಗಳ ದೂರದಲ್ಲಿರುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ವರ್ಷ ಬದುಕಿದವರ ಅನುಭವಕ್ಕೆ ಅದನ್ನು ಹೊಂದಿಸಲು ಬರುವುದಿಲ್ಲ. ಆದ್ದರಿಂದ "ವಿಜ್ಞಾನ ಸಮುದ್ಘಾತವನ್ನು ಸಾಬೀತು ಮಾಡಿದೆ" ಎಂದು ಹಂಚುವ ಸಂದೇಶಗಳನ್ನು ಮುಂದಕ್ಕೆ ಕಳುಹಿಸದಿರುವುದು ಒಳ್ಳೆಯದು. ಶಾಸ್ತ್ರದ ಗೌರವ ಉಳಿಯುವುದು ಶಾಸ್ತ್ರ ಹೇಳಿದ್ದನ್ನು ಇದ್ದ ಹಾಗೆ ಹೇಳಿದಾಗ.

ಜಾತಿಸ್ಮರಣ ಮತ್ತು ಪುನರ್ಜನ್ಮದ ಸಂಶೋಧನೆ

ಸ್ಟೀವನ್‌ಸನ್ ಮತ್ತು ಪಸ್ರೀಚಾ ಅವರು ಮರಣ ಸಮೀಪದ ಅನುಭವಕ್ಕಿಂತ ಹೆಚ್ಚು ಶ್ರಮಪಟ್ಟದ್ದು ಪೂರ್ವಜನ್ಮದ ಮಾತಾಡುವ ಮಕ್ಕಳ ಬಗ್ಗೆ. ಸ್ಟೀವನ್‌ಸನ್ ಅವರು 20 ಪ್ರಕರಣಗಳ ಪುಸ್ತಕವನ್ನು 1966ರಲ್ಲಿ, ಪಸ್ರೀಚಾ ಅವರು ಭಾರತದ ಪ್ರಕರಣಗಳ ಪುಸ್ತಕವನ್ನು 1990ರಲ್ಲಿ ಪ್ರಕಟಿಸಿದರು. ಉತ್ತರ ಪ್ರದೇಶದ ಆಗ್ರಾ ಜಿಲ್ಲೆಯ ಫತೇಹಾಬಾದ್ ಪ್ರದೇಶದ ಸಮೀಕ್ಷೆ ಇಂತಹ ಮಕ್ಕಳ ಪ್ರಮಾಣ ಸಾವಿರಕ್ಕೆ ಸುಮಾರು ಎರಡು ಎಂದು ತೋರಿಸಿತು. ದಕ್ಷಿಣದಿಂದ ವರದಿಗಳು ಏಕೆ ಇಷ್ಟು ಕಡಿಮೆ ಎಂಬುದನ್ನೂ ಪಸ್ರೀಚಾ ಪರಿಶೀಲಿಸಿದರು. ಚೆನ್ನೈನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಸಿ.ಟಿ.ಕೆ. ಚಾರಿ ಅವರು ಈ ಸಂಶೋಧನೆಯನ್ನು ಟೀಕಿಸಿ, ಎಲ್ಲೋ ಕೇಳಿ ಮರೆತದ್ದು ತನ್ನದೇ ನೆನಪಾಗಿ ಮೂಡುವ ಸಾಧ್ಯತೆಯನ್ನು ಎತ್ತಿ ತೋರಿಸಿದ್ದರು.

ಜೈನ ಪರಂಪರೆಗೆ ಪೂರ್ವಭವದ ನೆನಪು ಹೊಸ ಮಾತಲ್ಲ. ಅದರ ಹೆಸರು ಜಾತಿಸ್ಮರಣ. ಪಂಪನ ಆದಿಪುರಾಣದಲ್ಲಿ ಶ್ರೀಮತಿಗೆ ಲಲಿತಾಂಗದೇವನ ನೆನಪಾಗುವ ಪ್ರಸಂಗ ಕನ್ನಡಿಗರಿಗೆಲ್ಲ ಪರಿಚಿತ. ಪಾರ್ಶ್ವನಾಥ ಸ್ವಾಮಿಯ ಹಿಂದಿನ ಭವದ ಆನೆ ವಜ್ರಘೋಷ, ಅರವಿಂದ ಮುನಿಗಳನ್ನು ಕಂಡು ಪೂರ್ವಭವ ನೆನೆದು ಶಾಂತವಾಯಿತು. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸಮ್ಯಗ್ದರ್ಶನದ ಬಾಹ್ಯ ಕಾರಣಗಳಲ್ಲಿ ಧರ್ಮಶ್ರವಣ, ಜಿನಬಿಂಬ ದರ್ಶನಗಳ ಜೊತೆ ಜಾತಿಸ್ಮರಣವನ್ನೂ ಎಣಿಸಿದ್ದಾರೆ. ಇಲ್ಲಿ ಗಮನಿಸಬೇಕಾದದ್ದು ಫಲ. ಪುರಾಣದಲ್ಲಿ ಜಾತಿಸ್ಮರಣಕ್ಕೆ ಬೆಲೆ ಬರುವುದು ಅದರಿಂದ ವೈರಾಗ್ಯ ಮತ್ತು ಅಹಿಂಸೆ ಹುಟ್ಟಿದಾಗ. ಸಾವಿನ ಹೊಸ್ತಿಲಿನಿಂದ ಬಂದವರ ಅನುಭವಕ್ಕೂ ಇದೇ ಅಳತೆಗೋಲು ಸಾಕು. ಬಂದವರು ಹೆಚ್ಚು ಕರುಣೆಯುಳ್ಳವರಾದರೆ ಅದೇ ಲಾಭ.

ಸಲ್ಲೇಖನದ ಜೊತೆ ಬೆರೆಸಬಾರದು

ಮರಣ ಸಮೀಪದ ಅನುಭವ ಆಗುವುದು ಎಚ್ಚರ ತಪ್ಪಿದಾಗ, ಬಯಸದೆ. ಸಲ್ಲೇಖನ ವ್ರತ ನಡೆಯುವುದು ಪೂರ್ಣ ಎಚ್ಚರದಲ್ಲಿ, ಗುರುಗಳ ಅನುಮತಿಯಿಂದ, ಕಷಾಯಗಳನ್ನು ಕ್ಷೀಣಿಸುತ್ತಾ. ಶ್ರವಣಬೆಳಗೊಳದ ಶಾಸನಗಳಲ್ಲಿ ಇದರ ದಾಖಲೆ ಬಹಳ ಇದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ತೀರಿಕೊಂಡಾಗ, ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನದಿಂದ ದೇಹ ಬಿಟ್ಟಳೆಂದು ಅಲ್ಲಿನ ಶಾಸನ ಹೇಳುತ್ತದೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಈ ವ್ರತವನ್ನು ಅಪರಾಧವೆಂದು ಹೇಳಿದಾಗ, ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ತತ್ತ್ವಾರ್ಥಸೂತ್ರದ ಏಳನೇ ಅಧ್ಯಾಯ ಸಲ್ಲೇಖನದ ಐದು ಅತಿಚಾರಗಳನ್ನು ಹೇಳುತ್ತದೆ: ಬದುಕುವ ಆಸೆ, ಬೇಗ ಸಾಯುವ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖದ ನೆನಪು, ಮುಂದಿನ ಭೋಗದ ನಿದಾನ. ಸಾಯುವ ಆಸೆಯೇ ದೋಷ ಎಂಬುದನ್ನು ಈ ಸಂದರ್ಭದಲ್ಲಿ ಒತ್ತಿ ಹೇಳಬೇಕು. ವಿಡಿಯೋ ನೋಡಿ "ಅಲ್ಲಿ ಅಷ್ಟು ಶಾಂತಿ ಇದೆಯಂತೆ, ಇಲ್ಲಿ ಏಕೆ ಕಷ್ಟಪಡಬೇಕು" ಎಂದು ಕಾಯಿಲೆಯ ಹಿರಿಯರೋ ನೊಂದ ಯುವಕರೋ ಹೇಳಿದರೆ ಅದನ್ನು ವೈರಾಗ್ಯ ಎಂದು ತಿಳಿಯಬಾರದು. ಅದು ಮನಸ್ಸಿನ ಬಳಲಿಕೆ. ಕೂಡಲೇ ಜೊತೆಗೆ ಕುಳಿತು ಮಾತನಾಡಬೇಕು, ವೈದ್ಯರಿಗೆ ತೋರಿಸಬೇಕು. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೂ ಮಾತನಾಡಬಹುದು.

ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

1. ಮನೆಯಲ್ಲಿ ಯಾರಾದರೂ ಹಠಾತ್ತನೆ ಕುಸಿದು ಉಸಿರಾಡದಿದ್ದರೆ "ಹೋದರು" ಎಂದು ತೀರ್ಮಾನಿಸಿ ಬಾಯಿಗೆ ನೀರು ಬಿಡಬಾರದು. 108ಕ್ಕೆ ಕರೆ ಮಾಡಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳ ಒತ್ತುತ್ತಾ ಇರಬೇಕು. ಆಮ್ಲಜನಕ ಇಲ್ಲದೆ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಹಾನಿ ಶುರುವಾಗುತ್ತದೆ. ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂತಹ ಊರುಗಳಲ್ಲಿ ಆಂಬುಲೆನ್ಸ್ ಬಂದು ದೊಡ್ಡ ಆಸ್ಪತ್ರೆ ಮುಟ್ಟುವುದಕ್ಕೆ ಸಮಯ ಹಿಡಿಯುತ್ತದೆ. ಆ ನಡುವೆ ಜೀವ ಉಳಿಯುವುದು ಮನೆಯವರ ಕೈಯಲ್ಲಿ. ಬಸದಿ ಮತ್ತು ಸಮಾಜದ ಯುವಕ ಮಂಡಳಿಗಳು ವರ್ಷಕ್ಕೊಮ್ಮೆ ಇದರ ತರಬೇತಿ ಇಟ್ಟುಕೊಳ್ಳುವುದು ಒಳ್ಳೆಯದು.

2. "ಆಯು ಇದ್ದಷ್ಟು ಇರುತ್ತಾರೆ, ಚಿಕಿತ್ಸೆ ಏಕೆ" ಎನ್ನುವುದು ಪೂರ್ತಿ ಸಿದ್ಧಾಂತವಲ್ಲ. ದೇವ, ನಾರಕಿ, ಚರಮಶರೀರಿ ಮುಂತಾದವರ ಆಯು ಮಾತ್ರ ನಡುವೆ ಕಡಿಯುವುದಿಲ್ಲ ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ನಮ್ಮಂಥವರ ಆಯು ವಿಷ, ಶಸ್ತ್ರ, ಉಸಿರು ಕಟ್ಟುವುದು ಮುಂತಾದ ನಿಮಿತ್ತದಿಂದ ಅಕಾಲದಲ್ಲಿ ತೀರಬಹುದು. ಆದ್ದರಿಂದ ನಿಮಿತ್ತವನ್ನು ದೂರ ಮಾಡುವ ಚಿಕಿತ್ಸೆಗೆ ಅರ್ಥವಿದೆ.

3. ಮೆದುಳು ಸಾವು ಬೇರೆ, ಮರಣ ಸಮೀಪದ ಅನುಭವ ಬೇರೆ. 1994ರ ಅಂಗಾಂಗ ಕಸಿ ಕಾಯ್ದೆಯಂತೆ ವೈದ್ಯರ ಮಂಡಳಿ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮೆದುಳು ಸಾವನ್ನು ದೃಢಪಡಿಸುತ್ತದೆ. "ಇವರೂ ಎದ್ದು ಬರಬಹುದು" ಎಂಬ ಆಸೆಗೆ ಅಲ್ಲಿ ಆಧಾರವಿಲ್ಲ.

4. ವಾಸಿಯಾಗದ ಕಾಯಿಲೆಯಲ್ಲಿ ಯಂತ್ರಗಳ ಮೇಲೆ ಬದುಕನ್ನು ಎಳೆಯುವುದು ಬೇಡ ಎನ್ನುವವರು ಮೊದಲೇ ಬರೆದಿಡಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಹಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. 2025ರ ಜನವರಿಯಲ್ಲಿ ಕರ್ನಾಟಕ ಆರೋಗ್ಯ ಇಲಾಖೆ ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಇದು ಕಾನೂನಿನ ವ್ಯವಸ್ಥೆ. ಸಲ್ಲೇಖನ ವ್ರತ ಬೇರೆಯೇ.

5. ಎಚ್ಚರ ತಪ್ಪಿದ ರೋಗಿಯ ಮುಂದೆ ಆಸ್ತಿ, ಖರ್ಚು, ಜಗಳದ ಮಾತು ಬೇಡ. ಆಸ್ಪತ್ರೆಯ ಅಧ್ಯಯನಗಳು ಕೆಲವರಿಗೆ ಸುತ್ತಲಿನ ಮಾತು ಕೇಳಿಸಿದ್ದನ್ನು ದಾಖಲಿಸಿವೆ. ಕಿವಿಯ ಬಳಿ ಮೆಲ್ಲಗೆ ಣಮೋಕಾರ ಮಂತ್ರ ಹೇಳುವ ನಮ್ಮ ಹಿರಿಯರ ಪದ್ಧತಿ ಐಸಿಯುನಲ್ಲೂ ನಡೆಯಬಲ್ಲದು. ಬೇರೆ ರೋಗಿಗಳಿಗೆ ತೊಂದರೆಯಾಗದಂತೆ ದಾದಿಯರ ಅನುಮತಿ ಕೇಳಿದರೆ ಸಾಕು.

6. ಮರಳಿ ಬಂದವರು ತಮ್ಮ ಅನುಭವ ಹೇಳಿದರೆ ನಗಬಾರದು, ಗದರಿಸಬಾರದು, ದೇವರು ಮೈಮೇಲೆ ಬಂದರೆಂದು ಪ್ರಚಾರವನ್ನೂ ಮಾಡಬಾರದು. ಪೂರ್ತಿ ಕೇಳಿ, ದಿನಾಂಕ ಸಹಿತ ಬರೆದಿಡಬಹುದು. ನಿದ್ದೆ ಕೆಟ್ಟರೆ ಅಥವಾ ಭಯ ಉಳಿದರೆ ವೈದ್ಯರಿಗೆ ಹೇಳಬೇಕು.

ಚನ್ನಪಟ್ಟಣದ ಹಳ್ಳಿಗರು ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ತಮ್ಮ ಅನುಭವವನ್ನು ಮುಚ್ಚಿಡದೆ ಹೇಳಿದ್ದರಿಂದ ಇಂದು ನಮ್ಮ ನಾಡಿನದೇ ಒಂದು ಅಂಕಿ ಅಂಶ ಪ್ರಪಂಚದ ಮುಂದಿದೆ. ಸಂಶೋಧನೆ ಮುಂದುವರಿಯಲಿ. ಜೈನ ಕುಟುಂಬಗಳಿಗೆ ಆತ್ಮದ ಅಸ್ತಿತ್ವದ ಶ್ರದ್ಧೆ ಯಾವುದೇ ವಿಡಿಯೋದ ಮೇಲೆ ನಿಂತಿಲ್ಲ, ಯಾವುದೇ ಇಇಜಿ ವರದಿಯಿಂದ ಬೀಳುವುದೂ ಇಲ್ಲ. ಹೊಸ್ತಿಲಿನವರೆಗೆ ಹೋಗಿ ಬಂದವರಿಗೆ ಸಿಕ್ಕಿದ್ದು ಉಳಿದ ಆಯು. ಅದು ಎಲ್ಲರಿಗೂ ಇಂದು ಇದೆ. ಅದನ್ನು ಸಾಮಾಯಿಕ, ಸ್ವಾಧ್ಯಾಯ, ದಾನ, ಕ್ಷಮೆಗಳಲ್ಲಿ ಕಳೆಯುವುದು ಎಲ್ಲರ ಕೈಯಲ್ಲೂ ಇದೆ.

ಜೈ ಜಿನೇಂದ್ರ.